ಪ್ರಾರ್ಥನೆಯ ಹೊತ್ತಿನ ಪೆಟ್ಟು

ನಾನು ಆ ಹುಡುಗಿಗೆ ಹೊಡೆದದ್ದು ಬೆಳಗಿನ ಪ್ರಾರ್ಥನೆ ನಡೆಯುತ್ತಿದ್ದಾಗ, ಇಡೀ ಶಾಲೆಯ ಮಕ್ಕಳ ಎದುರಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಡೆದದ್ದನ್ನಷ್ಟೇ ಕೇಳಿದ ಕೆಲವರು ನನ್ನ ಬಗ್ಗೆ ಒಳ್ಳೆಯ ಮಾತಾಡುವುದುಂಟು, ನೀವು ಧೈರ್ಯ ಮಾಡಿದಿರಿ ಎನ್ನುವುದುಂಟು. ಅದಕ್ಕೇ, ಮೊದಲ ಏಟು ಯಾರದ್ದು ಎಂಬುದು ಗೊತ್ತಿರಲಿ.

ಅರಕಲಗೂಡಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಅದು. ನಾನು ಅಲ್ಲಿ ಕನ್ನಡ ಕಲಿಸುತ್ತಿದ್ದೆ. ಸುತ್ತ ಹೊಗೆಸೊಪ್ಪು, ಶುಂಠಿ, ಮುಸುಕಿನ ಜೋಳದ ಹೊಲಗಳು. ಆಗಸ್ಟ್ ಬಂತೆಂದರೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳ ಘಾಟು ತರಗತಿಯೊಳಕ್ಕೂ ಬರುತ್ತಿತ್ತು. ಗಂಟಲು ಚೆನ್ನಾಗಿದೆ ಎಂಬ ಕಾರಣಕ್ಕೆ ಪ್ರಾರ್ಥನೆಯ ಉಸ್ತುವಾರಿಯನ್ನು ಮುಖ್ಯೋಪಾಧ್ಯಾಯರು ನನಗೇ ವಹಿಸಿದ್ದರು. ಮೊದಲು ಕೈ ಮುಗಿದು, ಕಣ್ಣು ಮುಚ್ಚಿ ವಿದ್ಯೆಯ ದೇವಿಯನ್ನು ಬೇಡುವ ಹಾಡು. ಆಮೇಲೆ ನಾಡಗೀತೆ, ಸಂವಿಧಾನದ ಪೀಠಿಕೆಯ ಓದು, ಕೊನೆಗೆ ರಾಷ್ಟ್ರಗೀತೆ. ದೇವಿಯ ಹಾಡು ಯಾವ ಆದೇಶದಲ್ಲೂ ಇರಲಿಲ್ಲ. ನಾನು ಬರುವುದಕ್ಕೆ ಮೊದಲಿನಿಂದಲೂ ಹಾಡುತ್ತಿದ್ದರು, ನಾನೂ ಹಾಡಿಸಿದೆ. ಅದೊಂದು ಧರ್ಮದ ಹಾಡು ಎಂದು ನನಗೆ ಒಂದು ದಿನವೂ ಅನಿಸಿರಲಿಲ್ಲ. ನನಗದು ಬರೀ ಪ್ರಾರ್ಥನೆ.

ನಾನು ಓದಿದ್ದು ಚನ್ನರಾಯಪಟ್ಟಣದಲ್ಲಿ. ನಮ್ಮದು ಲಿಂಗಪೂಜೆ ಮುಗಿಯದೆ ತಿಂಡಿ ತಿನ್ನದ ವ್ಯಾಪಾರಸ್ಥರ ಮನೆ. ಮೂರನೇ ತರಗತಿಯಲ್ಲಿದ್ದಾಗ ಒಂದು ದಿನ ರಾಷ್ಟ್ರಗೀತೆಯ ನಡುವೆ ಕಾಲಿಗೆ ಕೆಂಪಿರುವೆ ಕಚ್ಚಿತು. ಬಗ್ಗಿ ಕೆರೆದುಕೊಂಡೆ. ಡ್ರಿಲ್ ಮೇಷ್ಟ್ರು ಗೀತೆ ಮುಗಿಯುವ ತನಕ ಕಾದು, ಹತ್ತಿರ ಬಂದು, ಮರದ ರೂಲರನ್ನು ಅಂಚಿನ ಮೇಲೆ ಹಿಡಿದು ನನ್ನ ಬೆರಳ ಗೆಣ್ಣುಗಳಿಗೆ ಬಡಿದರು. ಅಳು ನುಂಗಿಕೊಂಡದ್ದಕ್ಕೆ ಶಹಬ್ಬಾಸ್ ಅಂದರು. ಸಂಜೆ ಊದಿದ ಬೆರಳು ತೋರಿಸಿದಾಗ ಅಪ್ಪ, "ದೇಶದ ಹಾಡ್ ಹೇಳೋವಾಗ ಅಲ್ಲಾಡ್ತಾರೇನೇ? ಸರಿಯಾಗೇ ಮಾಡವ್ರೆ ಬಿಡು," ಅಂದರು. ಒಂದು ವಾರ ಪೆನ್ಸಿಲ್ ಹಿಡಿಯಲಾಗಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆ ದಿನ ನನ್ನ ಕೈ ಅಷ್ಟು ಸಲೀಸಾಗಿ ಹೇಗೆ ಎದ್ದಿತು ಎಂದು ಯೋಚಿಸುವಾಗಲೆಲ್ಲ ಇದು ನೆನಪಿಗೆ ಬರುತ್ತದೆ, ಅಷ್ಟೆ.

ಆ ಹುಡುಗಿ ಏಳನೇ ತರಗತಿಗೆ ನಮ್ಮಲ್ಲಿಗೆ ಸೇರಿದ್ದಳು. ಉದ್ದಕ್ಕೆ, ತೆಳ್ಳಗೆ ಇದ್ದಳು. ಅಪ್ಪ ಗಾರೆ ಕೆಲಸದವನು. ತಾಯಿ ತೀರಿಕೊಂಡಿದ್ದರು. ಪಕ್ಕದ ಊರಿನಲ್ಲಿ ಒಂದು ಶೀಟಿನ ಮನೆಯಿತ್ತು. ಭಾನುವಾರ ಹತ್ತಿಪ್ಪತ್ತು ಜನ ಅಲ್ಲಿ ಸೇರಿ ಯೇಸುವಿನ ಪ್ರಾರ್ಥನೆ ಮಾಡುತ್ತಿದ್ದರು. ಅಪ್ಪ ಮಗಳಿಬ್ಬರೂ ಅಲ್ಲಿಗೆ ಹೋಗುವವರು. ಬೆಳಿಗ್ಗೆ ಎಲ್ಲರೂ ಕೈ ಮುಗಿದಾಗ ಅವಳು ಹಿಂದಿನ ಸಾಲಿನಲ್ಲಿ ಕೈ ಇಳಿಬಿಟ್ಟು, ತುಟಿ ಮುಚ್ಚಿ ನಿಂತಿರುತ್ತಿದ್ದಳು. ರಾಷ್ಟ್ರಗೀತೆಗೆ ಎಲ್ಲರಿಗಿಂತ ನೆಟ್ಟಗೆ ನಿಲ್ಲುತ್ತಿದ್ದಳು, ಹಾಡುತ್ತಿರಲಿಲ್ಲ. ಪೀಠಿಕೆಯನ್ನು ಮಾತ್ರ ಅವಳಷ್ಟು ಚೆನ್ನಾಗಿ ಓದುವವರು ಶಾಲೆಯಲ್ಲಿ ಬೇರೆ ಇರಲಿಲ್ಲ. ಹಾಳೆ ನೋಡದೆ ಹೇಳುತ್ತಿದ್ದಳು. ಯಾರಿಗೆ ಯಾವುದರಲ್ಲಿ ನಂಬಿಕೆಯೋ ಅದನ್ನು ಪೂಜಿಸುವ ಸ್ವಾತಂತ್ರ್ಯದ ಮಾತು ಬಂದಾಗ ಅವಳ ದನಿ ತಡವರಿಸುತ್ತಲೇ ಇರಲಿಲ್ಲ. ನಾನೇ ಅವಳನ್ನು ಮುಂದೆ ಕರೆದು ಓದಿಸುತ್ತಿದ್ದೆ. ನಾನದನ್ನು ಕೇಳಿಸಿಕೊಂಡಿರಲಿಲ್ಲ ಎಂದೇ ಈಗ ಹೇಳಬೇಕು.

ಒಮ್ಮೆ ಸ್ಟಾಫ್ ರೂಮಿಗೆ ಕರೆದು ಕೇಳಿದೆ.

"ಯಾಕೆ ಕೈ ಮುಗಿಯಲ್ಲ ನೀನು?"

"ನಮ್ ದೇವ್ರಿಗೆ ಬುಟ್ಟು ಬ್ಯಾರೇರಿಗೆ ಮುಗಿಯಂಗಿಲ್ಲ ಮಿಸ್."

"ಹಾಡಾದ್ರೂ ಹೇಳಬಹುದಲ್ಲ?"

"ಅದೂ ಆಗಾಕಿಲ್ಲ ಮಿಸ್. ಸುಮ್ಕೆ ನಿಂತ್ಕತೀನಿ. ಗಲಾಟೆ ಮಾಡಾಕಿಲ್ಲ."

ಉತ್ತರದಲ್ಲಿ ಸೊಕ್ಕಿರಲಿಲ್ಲ. ಸರಿ ಎಂದು ಬಿಟ್ಟುಬಿಟ್ಟೆ. ಒಂದು ವರ್ಷ ಹಾಗೇ ನಡೆಯಿತು.

ಮರು ವರ್ಷ, ಅವಳು ಎಂಟನೇ ತರಗತಿಗೆ ಬಂದಿದ್ದಾಗ, ಸ್ವಾತಂತ್ರ್ಯ ದಿನಕ್ಕೆ ಎರಡು ದಿನ ಇರುವಾಗ ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು ತಾಲೀಮು ನೋಡಲು ಬಂದರು. ಊರಿನಲ್ಲಿ ದೊಡ್ಡ ಜಮೀನಿದ್ದವರು, ಶುಂಠಿ ಬೆಳೆಯುವವರು. ಮೈಕ್ ಸೆಟ್ಟು, ಧ್ವಜದ ಕಟ್ಟೆ ಎಲ್ಲ ಅವರೇ ಕೊಡಿಸಿದ್ದು. ಒಳ್ಳೆಯ ಮಾತಿನವರು, ನನ್ನನ್ನು ತಂಗಿಯ ಹಾಗೆ ಕಾಣುತ್ತಿದ್ದರು. ಚಪ್ಪರಕ್ಕೆ ತಂದ ಹಸಿ ಬಿದಿರುಗಳು ಕಾಂಪೌಂಡಿನ ಪಕ್ಕ ಬಿದ್ದಿದ್ದವು. ಅವುಗಳ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ದೇವಿಯ ಹಾಡು ಶುರುವಾಯಿತು. ಎರಡನೇ ಸಾಲಿಗೇ ಅವರು ಗಟ್ಟಿಯಾಗಿ ಕೇಳಿದರು:

"ಏನ್ ಮಿಸ್ಸೇ, ಆ ಹಿಂದ್ಗಡೆ ಮಗೀಗೆ ಕೈ ಇಲ್ವಾ?"

ಕೆಲವು ಮಕ್ಕಳು ನಕ್ಕರು. ಅವರು ಮುಂದುವರಿಸಿದರು. "ನಿಮ್ ಮಾತ್ನೇ ಕೇಳ್ದಿರೋ ಮಕ್ಳು ನಾಳೆ ದೇಶುದ್ ಮಾತ್ ಕೇಳ್ತವಾ? ನಾಡಿದ್ದು ದೊಡ್ಡೋರೆಲ್ಲ ಬತ್ತಾರೆ. ನಮ್ ಸ್ಕೂಲ್ ಮರ್ವಾದೆ ಏನಾಯ್ತದೆ?"

ನನ್ನ ಮುಖ ಬಿಸಿಯಾಯಿತು. ಹಾಡು ನಿಲ್ಲಿಸದೆಯೇ ನಾನು ಹಿಂದಿನ ಸಾಲಿಗೆ ಹೋದೆ. "ಮುಗಿ ಕೈನ," ಅಂದೆ. ಅವಳು ತಲೆಯಾಡಿಸಿದಳು. ಅವಳ ಎರಡೂ ಮುಂಗೈ ಹಿಡಿದು ಎದೆಯ ಹತ್ತಿರ ತಂದು ಅಂಗೈಗೆ ಅಂಗೈ ಒತ್ತಿದೆ. ನಾನು ಬಿಟ್ಟ ಕೂಡಲೇ ಅವಳು ಕೈ ಬೇರೆ ಮಾಡಿದಳು. ಮತ್ತೆ ಒತ್ತಿದೆ, ಈ ಸಲ ಅವಳ ಬೆರಳುಗಳು ಲಟಕ್ಕೆಂದವು. ಮತ್ತೆ ಬೇರೆ ಮಾಡಿದಳು. "ಬ್ಯಾಡಿ ಮಿಸ್," ಅಂದಳು. ಅಷ್ಟೇ.

ನಾನು ಹೊಡೆದೆ. ಕೆನ್ನೆಗೆಂದು ಎತ್ತಿದ ಕೈ ಕಿವಿಯ ಮೇಲೆ ಪೂರ್ತಿಯಾಗಿ ಬಿತ್ತು. ಗಾಜಿನ ಬಳೆಗಳು ಒಡೆದು ಒಂದು ಚೂರು ಅವಳ ಕಿವಿಯ ಹಿಂದೆ ಕೊಯ್ಯಿತು. ಅವಳು ಪಕ್ಕದ ಹುಡುಗಿಯ ಮೇಲೆ ವಾಲಿ ನೆಲಕ್ಕೆ ಕೂತಳು. ಬಿಳಿಯ ಅಂಗಿಯ ಕಾಲರಿಗೆ ರಕ್ತ ಇಳಿಯಿತು. ಎರಡನೇ ಸಲವೂ ಹೊಡೆದೆ, ಬೆನ್ನಿಗೆ. ಮೊದಲನೆಯದನ್ನು ಸಿಟ್ಟು ಎನ್ನಬಹುದು. ಎರಡನೆಯದಕ್ಕೆ ಏನೆನ್ನಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಿಲ್ಲಿಸಿ ಎಂದು ಯಾರೂ ಹೇಳದ್ದರಿಂದ ಮಕ್ಕಳು ಹಾಡುತ್ತಲೇ ಇದ್ದರು. ಕಣ್ಣು ಮುಚ್ಚಿದ್ದ ಚಿಕ್ಕ ಮಕ್ಕಳಿಗೆ ಏನಾಯಿತೆಂದೇ ತಿಳಿಯಲಿಲ್ಲ. ದೇವಿಯ ಹಾಡು ಮುಗಿಯಿತು, ನಾಡಗೀತೆ ಮುಗಿಯಿತು. ಪೀಠಿಕೆ ಓದಲು ಬೇರೆ ಹುಡುಗಿಯನ್ನು ಕರೆದೆ.

ಗಾಯಕ್ಕೆ ಹತ್ತಿ ಒತ್ತಿ, ಅರಿಶಿನ ಹಚ್ಚಿ ಅವಳನ್ನು ತರಗತಿಯಲ್ಲಿ ಕೂರಿಸಿದೆ. ಅರ್ಧ ಗಂಟೆಯ ನಂತರ ಕೈ ಎತ್ತಿದಳು.

"ಮಿಸ್, ಕಿವಿ ಒಳ್ಗಡೆ ಗುಂಯ್ ಅಂತೈತೆ."

"ಸರಿ ಹೋಗುತ್ತೆ, ಸುಮ್ನೆ ಕೂತ್ಕೋ," ಅಂದೆ.

ಬಿಸಿಯೂಟದ ಹೊತ್ತಿಗೆ ಅವಳು ತಟ್ಟೆ ಮುಂದಿಟ್ಟುಕೊಂಡು ಉಣ್ಣದೆ ಕೂತಿದ್ದಳು. ಕಿವಿಯಿಂದ ನೀರಿನಂಥದ್ದು ಸೋರುತ್ತಿತ್ತು. ಊಟ ಬಡಿಸುವ ಹೆಂಗಸು ನನ್ನನ್ನು ಒಮ್ಮೆ ನೋಡಿ ಯಾರಿಗೋ ಫೋನ್ ಮಾಡಿದಳು.

ಅವಳ ಅಪ್ಪ ಬಂದದ್ದು ಎರಡೂವರೆಗೆ. ಕೆಲಸದಿಂದ ಹಾಗೇ ಬಂದಿದ್ದ, ಮೊಣಕೈವರೆಗೆ ಸಿಮೆಂಟು ಒಣಗಿತ್ತು. ಮಗಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದ. ಆಮೇಲೆ ನನ್ನನ್ನು ಕೇಳಿದ:

"ಓದ್ದೇ ಇದ್ರೆ ಹೊಡೀರಿ ಮಿಸ್, ನಾನ್ ಕೇಳಾಕಿಲ್ಲ. ಇದ್ಕೆ ಯಾಕ್ ಹೊಡುದ್ರಿ?"

ನಾನು ಅಶಿಸ್ತು, ಶಾಲೆಯ ನಿಯಮ ಎಂದೆಲ್ಲ ಏನೋ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. "ಆಯ್ತು. ಈಗ ಆಸ್ಪತ್ರೆಗೆ ಕರ್ಕೊಂಡೋಯ್ತೀನಿ. ಆಮೇಲೆ ಸ್ಟೇಷನ್‌ಗೆ ಓಗಿ ಬರ್ಸ್ತೀನಿ. ಬೇಜಾರ್ ಮಾಡ್ಕಬ್ಯಾಡಿ," ಅಂದ. ಮುಖ್ಯೋಪಾಧ್ಯಾಯರಿಗೆ ನಿವೃತ್ತಿಗೆ ಎಂಟು ತಿಂಗಳಿತ್ತು. ಸ್ಟೇಷನ್ ಎಂಬ ಮಾತು ಕೇಳಿದ್ದೇ ಅವರು ಹೊರಗೆ ಹೋಗಿ ಅಧ್ಯಕ್ಷರಿಗೆ ಫೋನ್ ಮಾಡಿದರು.

ಅಪ್ಪ ಮಗಳ ಚೀಲ ಹೆಗಲಿಗೆ ಹಾಕಿಕೊಂಡು ಮೊಪೆಡ್ಡಿನ ಹತ್ತಿರ ಹೋಗುವಷ್ಟರಲ್ಲಿ ಗೇಟಿನಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಅಧ್ಯಕ್ಷರು ಮುಂದೆ ನಿಂತಿದ್ದರು. ಮಗಳು ತರಗತಿಯ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"ಸ್ಟೇಷನ್‌ಗೆ ಓಯ್ತಿಯೇನ್ಲಾ? ನಮ್ ಸ್ಕೂಲ್ ಮ್ಯಾಲೆ ಕಂಪ್ಲೇಂಟ್ ಕೊಡ್ತಿಯಾ?"

"ನನ್ ಮಗ್ಳ್ ಕಿವಿ ಓಗೈತೆ ಅಣ್ಣ. ದಾರಿ ಬುಡಿ."

"ಮೊದ್ಲು ದೇಶಕ್ಕೆ ಜೈ ಅನ್ನು. ಆಮೇಲ್ ಬುಡ್ತೀವಿ."

"ದೇಶಕ್ಕೆ ಜೈ," ಅಂದ ಅವನು. ತಕ್ಷಣವೇ ಅಂದ, ಗಟ್ಟಿಯಾಗಿಯೂ ಅಂದ. ಅದು ಅವರಿಗೆ ಸಾಕಾಗಲಿಲ್ಲ. ವೇದಿಕೆಯ ಮೇಲೆ ದೇವಿಯ ಪಟ ಇಟ್ಟಿದ್ದರು, ಅದಕ್ಕೆ ಕೈ ಮುಗಿ ಅಂದರು. ಅವನು ಆಗಲ್ಲ ಅಂದ. ಒಬ್ಬ ಕಪಾಳಕ್ಕೆ ಹೊಡೆದ. ಇನ್ನೊಬ್ಬ ಚಪ್ಪರದ ಬಿದಿರು ಎತ್ತಿಕೊಂಡ.

ಹಸಿ ಬಿದಿರು ಮೈಗೆ ಬಿದ್ದರೆ ಬರುವ ಸದ್ದು ಬೇರೆ. ಒದ್ದೆ ಬಟ್ಟೆ ಒಗೆದ ಹಾಗೆ ಇರುತ್ತದೆ. ಮೊದಲ ಏಟು ತೊಡೆಗೆ, ಆಮೇಲೆ ಪಕ್ಕೆಗೆ. ಬಿದ್ದವನನ್ನು ಎತ್ತಿ ಕೂರಿಸಿ, ಒಬ್ಬ ತನ್ನ ಹೆಗಲಿನ ಟವಲಿನಿಂದ ಅವನ ಎರಡು ಕೈಗಳನ್ನೂ ಎದೆಯ ಮುಂದೆ ಜೋಡಿಸಿ ಬಿಗಿದ. ಅವನು ಬೆರಳು ಬಿಡಿಸಲು ನೋಡಿದಾಗ ಬಿದಿರಿನಿಂದ ಬೆರಳಿಗೇ ಹೊಡೆದರು. "ಮುಗುದ ನೋಡ್ರೋ, ಮುಗುದ!" ಎಂದು ಯಾರೋ ಕೂಗಿದರು. ಮೊಬೈಲಿನಲ್ಲಿ ಹಿಡಿದುಕೊಂಡರು.

ನಾನು ತರಗತಿಯ ಕಿಟಕಿಯಲ್ಲಿ ನಿಂತಿದ್ದೆ. ಮಾಡಿದ ಮೊದಲ ಕೆಲಸ ಕಿಟಕಿ ಮುಚ್ಚಿದ್ದು, ಮಕ್ಕಳು ನೋಡದಿರಲಿ ಎಂದು. ಎರಡನೆಯದು, ಹೊರಗೆ ಓಡಲು ಹೊರಟ ಹುಡುಗಿಯನ್ನು ತೋಳು ಹಿಡಿದು ನಿಲ್ಲಿಸಿದ್ದು. "ಹೋಗ್ಬೇಡ, ನಿಂಗೂ ಹೊಡೀತಾರೆ," ಅಂದೆ. ಅವಳು ನನ್ನ ಕೈಯನ್ನು ಕಚ್ಚಿದಳು. ಸುಮ್ಮನೆ ಹೆದರಿಸುವ ಕಚ್ಚಲ್ಲ, ಹಲ್ಲು ಮಾಂಸಕ್ಕೆ ಇಳಿದವು. ನಾನು ಕಿರುಚಿ ಬಿಟ್ಟೆ. ಅವಳು ಓಡಿಹೋಗಿ ಅಪ್ಪನ ಮೇಲೆ ಬೋರಲು ಬಿದ್ದಳು. ಎತ್ತಿದ ಬಿದಿರು ಅವಳ ಬೆನ್ನಿನ ಮೇಲೂ ಬಿತ್ತು.

ಆಗ ನಾನೂ ಓಡಿದೆ. ಅದು ಧೈರ್ಯವಲ್ಲ. ಆ ಬಿದಿರು ಬಿದ್ದದ್ದು ಬೆಳಿಗ್ಗೆ ನಾನು ಹೊಡೆದ ಅದೇ ಬೆನ್ನಿನ ಮೇಲೆ. ಅದನ್ನು ನೋಡಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ.

"ಬಿಡ್ರೀ ಅವ್ರನ್ನ! ಹೊಡೆದದ್ದು ನಾನು, ತಪ್ಪು ನಂದು!" ಎಂದು ಕೂಗಿದೆ.

ಅಧ್ಯಕ್ಷರು ನನ್ನ ಕಡೆ ತಿರುಗಿ ತಾಳ್ಮೆಯಿಂದಲೇ ಹೇಳಿದರು. "ನೀವ್ ಒಳಕ್ ಓಗಿ ಮಿಸ್. ನಿಮ್ ಪರವಾಗೇ ಕಣ್ರೀ ಮಾಡ್ತಿರೋದು."

ಅಷ್ಟು ವರ್ಷಗಳಲ್ಲಿ ಯಾರ ಮಾತೂ ನನ್ನನ್ನು ಅಷ್ಟು ಇರಿದಿರಲಿಲ್ಲ. ಬಿದಿರು ಹಿಡಿದವನ ತೋಳಿಗೆ ಜೋತುಬಿದ್ದೆ. ಅವನು ಕೊಡವಿದ, ನಾನು ಧ್ವಜದ ಕಟ್ಟೆಯ ಮೇಲೆ ಬಿದ್ದೆ. ಬಲಗೈ ಮಣಿಕಟ್ಟು ಮೈಯಡಿಗೆ ಸಿಕ್ಕಿ ಮುರಿಯಿತು. ನಾನು ಚೀರಿದ್ದು ಕೇಳಿಯೋ, ಟೀಚರಿಗೆ ಪೆಟ್ಟಾಯಿತೆಂದು ಹೆದರಿಯೋ ಅವರು ಬಿದಿರು ಬಿಸಾಡಿ ಹೊರಟುಹೋದರು.

ಒಂದೇ ಆಟೋದಲ್ಲಿ ನಮ್ಮನ್ನು ಮೂವರನ್ನೂ ಅರಕಲಗೂಡಿಗೆ ಕರೆದುಕೊಂಡು ಹೋದರು. ಅಪ್ಪ ಸೀಟಿಗೆ ಅಡ್ಡಲಾಗಿ ಒರಗಿದ್ದ, ಉಸಿರೆಳೆದಾಗಲೆಲ್ಲ ನರಳುತ್ತಿದ್ದ. ಮಗಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ನಾನು ಡ್ರೈವರ್ ಪಕ್ಕ ಕೂತಿದ್ದೆ. ಅರ್ಧ ದಾರಿಯಲ್ಲಿ ಅಪ್ಪ ಕಣ್ಣು ಬಿಟ್ಟು, "ಮಿಸ್, ನಿಮ್ಗೂ ಪೆಟ್ ಬಿತ್ತಾ?" ಎಂದು ಕೇಳಿದ. ಅರಕಲಗೂಡಿನ ಆಸ್ಪತ್ರೆಯಿಂದ ಅವರಿಬ್ಬರನ್ನೂ ಹಾಸನದ ದೊಡ್ಡಾಸ್ಪತ್ರೆಗೆ ಕಳಿಸಿದರು. ಹುಡುಗಿಯ ಎಡಗಿವಿಯ ತಮಟೆ ಹರಿದಿತ್ತು. ಅಪ್ಪನ ಎರಡು ಪಕ್ಕೆಲುಬು, ಬಲಗೈಯ ಮೂರು ಬೆರಳು ಮುರಿದಿದ್ದವು.

ನನ್ನ ಕೈಗೆ ಪಟ್ಟಿ ಹಾಕಿಸುತ್ತಿರುವಾಗಲೇ ಮುಖ್ಯೋಪಾಧ್ಯಾಯರು ಬಂದರು. ಹುಡುಗಿ ಮೆಟ್ಟಿಲ ಮೇಲೆ ಜಾರಿಬಿದ್ದಳು, ಅಪ್ಪ ಕುಡಿದು ಬಂದು ಜನರ ಮೇಲೆ ಏರಿಹೋದ ಎಂದು ಬರೆದ ಹಾಳೆ ತಂದಿದ್ದರು. "ಒಂದ್ ಸೈನ್ ಹಾಕ್ಬಿಡಮ್ಮ. ಎಂಟ್ ತಿಂಗ್ಳು ನನ್ನ ಕಾಪಾಡು," ಅಂದರು. ಎಡಗೈಯಲ್ಲಿ ಸಹಿ ಹಾಕಿದೆ. ಹೌದು, ಹಾಕಿದೆ. ಕೆಲಸ ಹೋಗುತ್ತದೆಂಬ ಭಯ ಮಣಿಕಟ್ಟಿನ ನೋವಿಗಿಂತ ಹೆಚ್ಚಾಗಿತ್ತು.

ಸ್ವಾತಂತ್ರ್ಯ ದಿನ ಬೆಳಿಗ್ಗೆ ಕೈಗೆ ಬ್ಯಾಂಡೇಜು ಕಟ್ಟಿಕೊಂಡೇ ಶಾಲೆಗೆ ಹೋದೆ. ರಕ್ತ ಬಿದ್ದ ಜಾಗಕ್ಕೆ ಮಣ್ಣು ಹಾಕಿ ರಂಗೋಲಿ ಬಿಟ್ಟಿದ್ದರು. ಚಪ್ಪರ ಎದ್ದಿತ್ತು, ಬಿದಿರುಗಳಿಗೆ ಬಣ್ಣದ ಕಾಗದ ಸುತ್ತಿದ್ದರು. ಧ್ವಜ ಏರಿದ ಮೇಲೆ ಅಧ್ಯಕ್ಷರು ಮೈಕ್ ಹಿಡಿದರು. "ನಮ್ ಮಿಸ್ಸು ದೇಶಕ್ಕೋಸ್ಕರ ಕೈ ಮುರ್ಕೊಂಡವ್ರೆ," ಅಂದು ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಮಕ್ಕಳು ಚಪ್ಪಾಳೆ ಹೊಡೆದರು. ಆ ಹುಡುಗಿಯ ತರಗತಿಯ ಮಕ್ಕಳೂ ಹೊಡೆದರು. ಎದುರಿಗೇ ಎಲ್ಲವನ್ನೂ ನೋಡಿದ್ದ ಮಕ್ಕಳು. ಒಬ್ಬಳು ಮಾತ್ರ ಕೈ ಹಿಂದೆ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಳು. ಆವತ್ತು ಹುಡುಗಿ ವಾಲಿದ್ದು ಇವಳ ಮೇಲೆಯೇ. ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ವೇದಿಕೆ ಇಳಿದೆ.

ಮರುದಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ, ಹಿಂದಿನ ಸಹಿ ಸುಳ್ಳು ಎಂದು ಬರೆದುಕೊಟ್ಟೆ. ನಾನು ಹೇಳುತ್ತ ಹೋದೆ, ಗುಮಾಸ್ತರು ಬರೆದುಕೊಂಡರು. ನಾನು ಎರಡು ಸಲ ಹೊಡೆದದ್ದು, ಗೇಟಿನಲ್ಲಿ ಇದ್ದವರ ಹೆಸರು, ಯಾರ ಕೈಯಲ್ಲಿ ಏನಿತ್ತು, ಎಲ್ಲ. ಅಲ್ಲಿಂದ ಸ್ಟೇಷನ್ನಿಗೆ ಹೋಗಿ ಅದನ್ನೇ ಹೇಳಿದೆ. ಅರಕಲಗೂಡಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಗಂಡನಿಗೆ ವಿಷಯ ತಿಳಿದಾಗ ಅವರು ಮೇಜು ಗುದ್ದಿ, "ನಿಂಗೇನ್ ತಲೆ ಕೆಟ್ಟಿದೆಯಾ? ಯಾರ್ಗೋಸ್ಕರ ನಮ್ಮನೇಗೆ ಬೆಂಕಿ ಇಕ್ಕೋತಿದೀಯ?" ಎಂದು ಕಿರುಚಿದರು. ಮೂರನೇ ದಿನ ನಡುಮಧ್ಯಾಹ್ನ ಅಂಗಡಿಯ ಗಾಜಿಗೆ ಕಲ್ಲು ಬಿದ್ದವು. ಒಂದು ಅವರ ಹಣೆಗೆ ತಾಗಿ ನಾಲ್ಕು ಹೊಲಿಗೆ ಹಾಕಿಸಬೇಕಾಯಿತು. ವಿಚಿತ್ರವೆಂದರೆ ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಅವರು ಬೈಯುವುದನ್ನು ನಿಲ್ಲಿಸಿದರು. "ಹಿಂದಕ್ಕೆ ಮಾತ್ರ ತಗೋಬೇಡ," ಅಂದರು.

ಇಲಾಖೆ ನನ್ನನ್ನು ಅಮಾನತು ಮಾಡಿತು. ವಿಚಾರಣೆಯಲ್ಲಿ ತಪ್ಪೊಪ್ಪಿಕೊಂಡೆ. ಬಡ್ತಿ ತಡೆದು ಹೊಳೆನರಸೀಪುರದ ಕಡೆಯ ಒಂದು ಶಾಲೆಗೆ ಹಾಕಿದರು. ಮಗುವಿಗೆ ಹೊಡೆದ ಕೇಸಿನಲ್ಲೂ ಒಪ್ಪಿಕೊಂಡೆ, ದಂಡದ ಶಿಕ್ಷೆಯಾಯಿತು. ಆ ಅಪ್ಪ ಮಗಳು ಊರು ಬಿಟ್ಟು ಹೋಗಿದ್ದರು. ಅವರೂ ಹೊಳೆನರಸೀಪುರದಲ್ಲೇ ಇದ್ದಾರೆಂದು ಬಹಳ ದಿನ ಗೊತ್ತಿರಲಿಲ್ಲ.

ಗೇಟಿನಲ್ಲಿ ಹೊಡೆದವರ ಮೇಲಿನ ಕೇಸು ಸಾಕ್ಷಿಗೆ ಬರುವ ಹೊತ್ತಿಗೆ ಎರಡು ವರ್ಷ ದಾಟಿತ್ತು. ಅರಕಲಗೂಡಿನ ಕೋರ್ಟಿನಲ್ಲಿ ಅಪ್ಪ ಕಟಕಟೆ ಹತ್ತಿದ. ಅವನ ಬಲಗೈಯ ಬೆರಳುಗಳು ಇನ್ನೂ ಪೂರ್ತಿ ಮಡಿಚುತ್ತಿರಲಿಲ್ಲ. ಯಾರು ಹೊಡೆದರೆಂದು ಕೇಳಿದಾಗ, "ಗ್ಯಾನ ಇಲ್ಲ ಸಾ. ಮುಖ ನೋಡ್ಲಿಲ್ಲ," ಅಂದ. ಆಮೇಲೆ ನಾನು ಕಟಕಟೆ ಹತ್ತಿ, ಅಲ್ಲಿ ಕೂತಿದ್ದ ಆರೋಪಿಗಳನ್ನು ಒಬ್ಬೊಬ್ಬರಾಗಿ ತೋರಿಸಿದೆ. ಅವರ ವಕೀಲರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ನೀವು ಈ ವಿಷಯದಲ್ಲಿ ಒಮ್ಮೆ ಸುಳ್ಳು ಸಹಿ ಹಾಕಿದ್ದೀರಲ್ಲವೇ? ಹಾಕಿದ್ದೆ. ಮೊಬೈಲಿನಲ್ಲಿ ಹಿಡಿದದ್ದನ್ನು ಅಷ್ಟರೊಳಗೆ ಅಳಿಸಿಹಾಕಿದ್ದರು. ಮುಂದೆ ಅವರೆಲ್ಲರೂ ಬಿಡುಗಡೆಯಾದರು.

ಸಾಕ್ಷಿ ಮುಗಿಸಿ ಹೊರಗೆ ಬಂದಾಗ ಹುಡುಗಿ ವರಾಂಡದ ಬೆಂಚಿನ ಮೇಲೆ ಕೂತಿದ್ದಳು. ಇನ್ನೂ ಉದ್ದವಾಗಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತು, ಹೇಗಿದ್ದೀಯ ಎಂದು ಕೇಳಿದೆ. ಅವಳು ತಿರುಗಲಿಲ್ಲ. ಮತ್ತೆ ಕೇಳಿದೆ. ಆಗ ನೋಡಿದಳು.

"ಆ ಕಡೆಯಿಂದ ಮಾತಾಡ್ಬ್ಯಾಡಿ ಮಿಸ್. ಕೇಳಾಕಿಲ್ಲ. ಈ ಕಡೆ ಬನ್ನಿ."

ಎದ್ದು ಬೆಂಚು ಸುತ್ತಿಕೊಂಡು ಅವಳ ಬಲಕ್ಕೆ ಹೋಗಿ ಕೂತೆ. ಮನೆಯಲ್ಲಿ ಎಷ್ಟೋ ಸಲ ಹೇಳಿಕೊಂಡು ಅಭ್ಯಾಸ ಮಾಡಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು. "ತಪ್ಪು ಮಾಡ್ದೆ ಕಣಮ್ಮ," ಎಂದಷ್ಟೇ ಅಂದೆ.

ಅವಳು ಉಗುರು ನೋಡಿಕೊಂಡೇ ಹೇಳಿದಳು.

"ಅಪ್ಪ ಎಲ್ಲಾರ್ನೂ ಕ್ಷಮಿಸ್ಬುಟ್ಟವ್ರೆ ಮಿಸ್. ನಿಮ್ನೂವೆ, ಅವ್ರ್ನೂವೆ. ಅದ್ಕೇ ಒಳ್ಗಡೆ ಅಂಗಂದ್ರು. ನೀನೂ ಕ್ಷಮಿಸು ಅಂತ ದಿನಾ ಹೇಳ್ತಾರೆ." ತಲೆ ಎತ್ತಿ ನನ್ನ ಮುಖ ನೋಡಿದಳು. "ನನ್ ಕೈಲಿ ಇನ್ನೂ ಆಗಿಲ್ಲ."

"ಆಗ್ದಿದ್ರೆ ಬೇಡ," ಅಂದೆ.

ಅಪ್ಪ ಮೆಟ್ಟಿಲಿಳಿದು ಬರುತ್ತಿದ್ದ. ಅವಳು ಎದ್ದು, ಅವನ ಎಡಗೈ ಹಿಡಿದುಕೊಂಡು ಹೊರಟಳು.